ಬಾರ್ಬೇರಿಯನ್ ಎಲ್ಲರನ್ನೂ ಹೆದರಿಸಿಯೇ ಕೆಲಸ ಮುಗಿಸುತ್ತಾನೆ, ಡಿಎಂ ಏನು ಮಾಡಬೇಕು?

ಒಂಟಿಕೊಪ್ಪಲ್_ಡಿಎಂ (ಮೈಸೂರು)

ಭಾನುವಾರ ಊಟ ಮುಗಿಸಿ ನಮ್ಮ ಮನೆ ಮಹಡಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಹಾಕಿ ಆಡುವ ಕಥೆಯಾಟ; ಕಥೆ ನಡೆಸುವ ಡಿಎಂ ನಾನು. ಐದನೇ ಆವೃತ್ತಿ, 2014ರ ರೂಲ್ಸ್. ಮಾತೆಲ್ಲ ಕನ್ನಡದಲ್ಲೇ. ಲೋಕ ನಾನೇ ಕಟ್ಟಿದ್ದು: ಪಾಳೆಗಾರರು, ಸುಂಕದ ಕಟ್ಟೆ, ನಡುವೆ ಒಂದು ದೊಡ್ಡ ಹೊಳೆ.

ತಲೆನೋವು ಏನಪ್ಪಾ ಅಂದ್ರೆ, ಒಬ್ಬ ಗೆಳೆಯ ಹಾಫ್-ಆರ್ಕ್ ಬಾರ್ಬೇರಿಯನ್ (ಅರ್ಧ ರಾಕ್ಷಸ ಕುಲದ ಒರಟು ಕಾದಾಳು) ಆಡುತ್ತಾನೆ. ಎದುರಿಗೆ ಯಾರೇ ಬರಲಿ, ಸುಂಕದವನು, ಛತ್ರದ ಅಡುಗೆಭಟ್ಟ, ಕೊನೆಗೆ ದಾರಿಯಲ್ಲಿ ಸಿಕ್ಕ ಮುದುಕಿ, "ಹೆದರಿಸ್ತೀನಿ" ಅನ್ನುತ್ತಾನೆ. ನಾನು ಬಾಯಿ ಬಿಡುವಷ್ಟರಲ್ಲಿ ಡೈಸ್ ಉರುಳಿರುತ್ತದೆ. ಕರಿಸ್ಮಾ (ವರ್ಚಸ್ಸು) 8, ಆದರೆ ಸ್ಟ್ರೆಂಗ್ತ್ (ಮೈಬಲ) 18. ಕರಿಸ್ಮಾ ಬದಲು ಸ್ಟ್ರೆಂಗ್ತ್ ಲೆಕ್ಕದಲ್ಲೇ ಇಂಟಿಮಿಡೇಷನ್ (ಹೆದರಿಸುವ ಸ್ಕಿಲ್) ಮಾಡ್ತೀನಿ ಅಂದ, ನಾನೂ ಹೂಂ ಅಂದೆ. ಪ್ರೊಫಿಷಿಯನ್ಸಿ (ಪಳಗಿದ್ದಕ್ಕೆ ಸಿಗುವ ಅಂಕ) ಸೇರಿ ಡೈಸ್ ಮೇಲೆ +6 ಆಯ್ತು.

ಹೋದ ವಾರ ಊರ ಗೌಡನ ಮೇಲೆ 22 ಬಿತ್ತು. ಮುಂದಿನ ತಿಂಗಳಿಗೆ ಅಂತ ಇಟ್ಟುಕೊಂಡಿದ್ದ ಗುಟ್ಟೆಲ್ಲ ಹೊರಗೆ ಬಂತು. ಬಾರ್ಡ್ (ಹಾಡುಗಾರ ಪಾತ್ರ) ಆಡುವ ಹುಡುಗಿ ಪರ್ಸುವೇಷನ್ (ಮಾತಿನಲ್ಲಿ ಒಲಿಸುವ ಸ್ಕಿಲ್) ತಗೊಂಡು ಸುಮ್ನೆ ಚುರುಮುರಿ ತಿನ್ನುತ್ತಾ ಕೂತಿರುತ್ತಾಳೆ. ಸ್ಟ್ರೆಂಗ್ತ್ ನಡೆಯಲ್ಲ ಅಂದುಬಿಡಲಾ?

ದಾಳದಾಸ

ಡಿಸಿ, ಅಂದ್ರೆ ಗೆಲ್ಲೋಕೆ ಮುಟ್ಟಬೇಕಾದ ಅಂಕ, 25 ಇಟ್ಟುಬಿಡಿ ಗುರು. ಸೋತು ಸೋತು ತಾನೇ ತೆಪ್ಪಗಾಗುತ್ತಾನೆ.

ಮದ್ದೂರು_ಗಾಬ್ಲಿನ್ (ಮಂಡ್ಯ)

25 ಬೇಡಿ. ಮುದುಕಿಗೆ 25 ಯಾಕೆ ಅಂತ ಅವನು ಕೇಳಿದರೆ ಏನು ಹೇಳ್ತೀರಿ? ಸ್ಟ್ರೆಂಗ್ತನ್ನೂ ಕಿತ್ಕೋಬೇಡಿ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲೇ ಅದು ಬೇಕಾದರೆ ಬಳಸಬಹುದಾದ ರೂಲ್. ಅಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ ಹಾಫ್-ಆರ್ಕ್ ಬಾರ್ಬೇರಿಯನ್ನೇ ಒಂದು!

ನಾನು ಹೊಟ್ಟೆಪಾಡಿಗೆ ಸಹಕಾರ ಸಂಘವೊಂದರಲ್ಲಿ ಸಾಲ ವಸೂಲಿ ನೋಡುವವಳು. ಹೆದರಿಸೋ ವಿಷಯದಲ್ಲಿ ಸ್ವಲ್ಪ ಅಧಿಕಪ್ರಸಂಗ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ದೊಡ್ಡ ಮೀಸೆಯ, ಆರಡಿ ಎತ್ತರದ ಒಬ್ಬರಿದ್ದಾರೆ. ಅವರು ಹೋದರೆ ಮನೆಯವರು ಕಾಫಿ ಕೊಟ್ಟು, "ಕಬ್ಬಿನ ದುಡ್ಡು ಬರ್ಲಿ ಸಾರ್" ಅಂತ ಕಳಿಸುತ್ತಾರೆ. ಇನ್ನೊಬ್ಬರು ಸಣಕಲು ಗುಮಾಸ್ತರು, ದನಿಯೇ ಏಳಲ್ಲ. ಲೆಡ್ಜರ್ ಬಿಚ್ಚಿ, "ಜಾಮೀನು ಹಾಕಿರೋರು ನಿಮ್ಮ ಭಾವಮೈದ ಅಲ್ವಾ? ಅವರಿಗೂ ಒಂದು ನೋಟಿಸ್ ಹೋಗುತ್ತೆ" ಅನ್ನುತ್ತಾರೆ. ಅಷ್ಟೇ. ಕಂತು ತಾನಾಗಿ ಬರುತ್ತದೆ.

ಅದಕ್ಕೇ ನಮ್ಮ ಟೇಬಲ್ಲಿನಲ್ಲಿ ಡೈಸ್ ಮುಟ್ಟುವ ಮೊದಲು ನಾನು ಕೇಳುವುದು ಒಂದೇ: "ಏನು ಕಳ್ಕೋತೀನಿ ಅಂತ ಅವನು ಹೆದರಬೇಕು?" ಉತ್ತರ ಇಲ್ಲ ಅಂದ್ರೆ ರೋಲ್ ಇಲ್ಲ. ನಿಮ್ಮ ಬಾರ್ಬೇರಿಯನ್ ಸುಂಕದವನ ಮುಂದೆ ಕಬ್ಬಿಣದ ಸಲಾಕೆ ಬಗ್ಗಿಸಿದ ಅಂತಿಟ್ಕೊಳ್ಳಿ. ಸುಂಕದವನಿಗೆ ಹಲ್ಲು ಉಳಿದರೆ ಸಾಕು, ಗೇಟು ತೆಗೀತಾನೆ. ಇಲ್ಲಿ ಸ್ಟ್ರೆಂಗ್ತ್ ಸರಿಯಾಗಿದೆ, ಡಿಸಿ 10 ಇಟ್ಟರೂ ನಡೆಯುತ್ತದೆ. ಆದರೆ ಗೌಡ? ನಿಮ್ಮ ಹುಡುಗ ನಾಳೆ ಊರು ಬಿಟ್ಟು ಹೋಗುವವನು. ಪಾಳೆಗಾರ ಅಲ್ಲೇ ಇರುವವನು, ಮನೆಗೆ ಬೆಂಕಿ ಇಡಿಸುವವನು. ಗೌಡ ಯಾರಿಗೆ ಜಾಸ್ತಿ ಹೆದರಬೇಕು ನೀವೇ ಹೇಳಿ. 22 ಬಿದ್ದರೆ ಅವನು ನಡುಗಲಿ, ಬೆವರಲಿ, ಬಾಯಿಗೆ ಬಂದದ್ದು ಹೇಳಲಿ. ಅದು ನಿಜವೇ ಆಗಿರಬೇಕು ಅಂತ ಎಲ್ಲೂ ಬರೆದಿಲ್ಲ. ಹೆದರಿದವನು ನಿಮ್ಮನ್ನು ಬೇಗ ಸಾಗಹಾಕುವ ಮಾತನ್ನೇ ಹೇಳುವುದು. ಹೋದ ವಾರದ ಗುಟ್ಟಿನಲ್ಲಿ ಅರ್ಧ ಸುಳ್ಳಿತ್ತು ಅಂತ ಈಗಲೂ ಮಾಡಬಹುದು, ಯಾರಿಗೂ ಮೋಸ ಆಗಲ್ಲ.

ಇನ್ನು ಆಮೇಲಿನ ಲೆಕ್ಕ. 2014ರ ಪುಸ್ತಕ ಇದರಲ್ಲಿ ಸಪ್ಪೆ. ಇದೇ ಆಟದ ಹಳೆಯ 3.5 ಆವೃತ್ತಿಯಲ್ಲಿ, ಅಂದರೆ 2003ರದ್ದರಲ್ಲಿ, ಚೆನ್ನಾಗಿತ್ತು: ಹೆದರಿದವನು ನೀವು ಎದುರಿಗಿರುವಷ್ಟು ಹೊತ್ತು ಸ್ನೇಹಿತನ ಹಾಗೆ ನಡೆದುಕೊಳ್ಳುತ್ತಾನೆ. ನೀವು ಹೋದ ಮೇಲೆ ಒಂದು ಆರುಮುಖದ ಡೈಸ್ ಹಾಕಿ ಹತ್ತರಿಂದ ಗುಣಿಸಿ, ಅಷ್ಟು ನಿಮಿಷ. ಅಲ್ಲಿಗೆ ಭಯ ಇಳಿದು ನಿಮ್ಮ ಮೇಲೆ ಹಗೆ ಶುರು. ಇದೇ ಥರದ ಇನ್ನೊಂದು ಆಟ, 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ 'ಕೊಅರ್ಸ್' (ಬಲವಂತ) ಅಂತ ಇದೆ. ಒಂದು ನಿಮಿಷವಾದರೂ ಮಾತಾಡಿ ಹೆದರಿಸಬೇಕು. ಗೆದ್ದರೆ ಹೆಚ್ಚೆಂದರೆ ಒಂದು ದಿನ ಹೇಳಿದ್ದು ಕೇಳುತ್ತಾನೆ, ಆಮೇಲೆ ಹೋಗಿ ಅಧಿಕಾರಿಗಳಿಗೆ ದೂರು ಕೊಡಬಹುದು. ಎರಡರಲ್ಲಿ ಯಾವುದನ್ನಾದರೂ ಎತ್ಕೊಂಡು ಬಂದು ಬಳಸಿ, ಯಾರೂ ಕೇಸ್ ಹಾಕಲ್ಲ.

ನಮ್ಮ ಆಟದಲ್ಲಿ ಹೊಳೆ ದಾಟಿಸಲು ಅಂಬಿಗನ ಕುತ್ತಿಗೆಗೆ ಕೊಡಲಿ ಹಿಡಿದರು. ಕಾಸೂ ಕೊಡಲಿಲ್ಲ. ಅಂಬಿಗ ಕಮಕ್ ಕಿಮಕ್ ಅನ್ನದೆ ಹರಿಗೋಲಿನಲ್ಲಿ ದಾಟಿಸಿದ. ಗಾಬ್ಲಿನ್‌ಗಳು ಅಟ್ಟಿಸಿಕೊಂಡು ಬಂದಾಗ ಇವರು ಓಡೋಡಿ ಅದೇ ದಡಕ್ಕೆ ಬಂದರೆ, ಹರಿಗೋಲು ಆಚೆ ದಡದಲ್ಲಿ ಬೋರಲು ಹಾಕಿತ್ತು. ಅಂಬಿಗ ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದ. ಕೂಗಿದರು, ಬೇಡಿಕೊಂಡರು, ಕೊನೆಗೆ ಚಿನ್ನದ ನಾಣ್ಯ ಎತ್ತಿ ತೋರಿಸಿದರು. ಅವನು ಏಳಲೇ ಇಲ್ಲ. ಅವತ್ತಿನಿಂದ ನಮ್ಮವರು ಅಂಬಿಗರನ್ನ "ಅಣ್ಣಾ" ಅಂತಲೇ ಮಾತಾಡಿಸುತ್ತಾರೆ.

ಕುವೆಂಪುನಗರ_ರೋಗ್

ಅಕ್ಕಾ, ಒಪ್ಪಿದೆ. ಆದರೆ ಪ್ರತಿ ಸಲವೂ ಅಂಬಿಗ ಸೇಡು ತೀರಿಸಿಕೊಂಡರೆ ಆಟಗಾರ ಆ ಸ್ಕಿಲ್ಲನ್ನೇ ಬಿಟ್ಟುಬಿಡುತ್ತಾನೆ. ವಾರವೆಲ್ಲ ಆಫೀಸಿನಲ್ಲಿ ಬೈಸಿಕೊಂಡು ಬಂದವನಿಗೆ ಭಾನುವಾರ ಒಂದು ಸಲ ಗುಡುಗಬೇಕು ಅನ್ನಿಸಲ್ವಾ? ಮೂರಕ್ಕೆ ಒಂದು ಸಲ ಸುಮ್ನೆ ಗೆಲ್ಲಲಿ ಬಿಡಿ.

ಇನ್ನೊಂದು ಆಟದಿಂದ ಕದಿಯುವುದಾದರೆ 2010ರ ಅಪೋಕ್ಯಾಲಿಪ್ಸ್ ವರ್ಲ್ಡ್ ನೋಡಿ. ಅಲ್ಲಿ ಬೆದರಿಸಿ ಚೆನ್ನಾಗಿ ರೋಲ್ ಮಾಡಿದರೂ ಎದುರಿನವನು "ಏನ್ ಮಾಡ್ಕೋತೀಯೋ ಮಾಡ್ಕೋ" ಅನ್ನಬಹುದು. ಆಗ ನೀವು ಹೇಳಿದ್ದನ್ನು ನಿಜವಾಗಿ ಮಾಡಲೇಬೇಕು. ಬರೀ ಬಾಯಿಮಾತಿನ ಶೂರರಿಗೆ ಅಲ್ಲಿ ಜಾಗ ಇಲ್ಲ.

ಒಂಟಿಕೊಪ್ಪಲ್_ಡಿಎಂ (ಮೈಸೂರು)

ಅಕ್ಕ, ಗೌಡನ ಅರ್ಧ ಸುಳ್ಳು ಸೂಪರ್. ಈ ಭಾನುವಾರವೇ ಬಳಸ್ತೀನಿ. ಎರಡು ಅನುಮಾನ ಉಳಿದಿವೆ. ಬಾರ್ಡ್ ಹುಡುಗಿಗೆ ಏನು ಮಾಡಲಿ? ಅವಳು ಸ್ವಭಾವದಲ್ಲೇ ಮೆತ್ತಗೆ, ಮಧ್ಯೆ ಬಾಯಿ ಹಾಕಲ್ಲ. ಮತ್ತೆ, ನಮ್ಮವನು ಹುಮ್ಮಸ್ಸಿನಲ್ಲಿ ಬಾರ್ಡನ್ನೂ ಹೆದರಿಸಿ ಪೋಶನ್ (ಮದ್ದಿನ ಸೀಸೆ) ಕಿತ್ಕೊಳ್ಳಲು ರೋಲ್ ಮಾಡ್ಲಾ ಅಂತ ಕೇಳಿದ.

ಮದ್ದೂರು_ಗಾಬ್ಲಿನ್ (ಮಂಡ್ಯ)

ಮೊದಲನೆಯದು ಸುಲಭ. ಬಾರ್ಡ್‌ಗೆ ಕರಿಸ್ಮಾ ಜಾಸ್ತಿ ಇರುತ್ತೆ, ಇಂಟಿಮಿಡೇಷನ್ ಅವಳೇ ರೋಲ್ ಮಾಡಲಿ. ನಿಮ್ಮವನು ಹಿಂದೆ ಸಲಾಕೆ ಹಿಡಿದು ನಿಂತು ಹೆಲ್ಪ್ ಮಾಡಲಿ. ಅವಳಿಗೆ ಅಡ್ವಾಂಟೇಜ್, ಎರಡು ಡೈಸ್‌ನಲ್ಲಿ ದೊಡ್ಡದು. ಅವಳು ಕೂಗಾಡಬೇಕಿಲ್ಲ. "ಇವನನ್ನ ನಾನು ಎಷ್ಟು ಹೊತ್ತು ಅಂತ ಹಿಡ್ಕೊಂಡಿರಲಿ ಗೌಡ್ರೇ?" ಅಂತ ಮೆಲ್ಲಗೆ ಅಂದರೆ ಆಯ್ತು. ಅಷ್ಟೂ ಆಡಿ ತೋರಿಸಲು ನಾಚಿಕೆ ಅಂದ್ರೆ, "ಹೀಗೆ ಹೇಳ್ತೀನಿ" ಅಂತ ನಿಮಗೆ ಹೇಳಿದರೂ ಸಾಕು. ನಿಮ್ಮವನು ಕತ್ತಿ ಬೀಸಿದಾಗ ನೀವೇನು ನಿಜವಾದ ಕತ್ತಿ ಬೀಸು ಅಂತ ಕೇಳ್ತೀರಾ?

ಎರಡನೆಯದಕ್ಕೆ ರೋಲ್ ಇಲ್ಲ. ಎನ್‌ಪಿಸಿ, ಅಂದ್ರೆ ಡಿಎಂ ಆಡಿಸೋ ಪಾತ್ರ, ಹೆದರಿದನಾ ಇಲ್ಲವಾ ಅಂತ ಡೈಸ್ ಹೇಳಲಿ. ಪಾರ್ಟಿಯವರು ಹೆದರಿದರಾ ಅಂತ ಆ ಪಾತ್ರ ಆಡುವವರೇ ಹೇಳಬೇಕು. ಅವಳು "ಕೊಡಲ್ಲ" ಅಂದರೆ ಕೊಡಲ್ಲ, ಮಾತು ಮುಗೀತು. ಪೋಶನ್ ಬೇಕಿದ್ದರೆ ದುಡ್ಡು ಕೊಟ್ಟು ತಗೊಳ್ಳಲಿ, ಇಲ್ಲಾ ಚುರುಮುರಿ ಕೊಡಿಸಲಿ.