'ರಿವಾರ್ಡ್ ಸಿಸ್ಟಮ್', 'ಕ್ರೇವಿಂಗ್', 'ನಿಯರ್ ಮಿಸ್': ಕನ್ನಡದಲ್ಲಿ ಏನನ್ನೋಣ? ತುರ್ತು

ಜೂಜಿನ ಚಟದ ಬಗ್ಗೆ ಒಂದು ಕರಪತ್ರ ಅನುವಾದ ಮಾಡುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮಿದುಳಿನ ರಿವಾರ್ಡ್ ಸಿಸ್ಟಮ್‌ಗೆ ಈಗ 'ಬಹುಮಾನ ವ್ಯವಸ್ಥೆ' ಅಂತ ಹಾಕಿದ್ದೇನೆ. ಓದಿದರೆ ಲಾಟರಿ ಜಾಹೀರಾತಿನ ಹಾಗಿದೆ. ಕ್ರೇವಿಂಗ್‌ಗೆ 'ಬಯಕೆ' ಅಂದರೆ ಬಸುರಿಯರ ನೆನಪಾಗುತ್ತದೆ. ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಸೋಲುವ 'ನಿಯರ್ ಮಿಸ್'ಗೆ ಪದವೇ ಸಿಗುತ್ತಿಲ್ಲ. ಪಾಠ ಬೇಡ, ಪದ ಕೊಡಿ ಸಾಕು.

---

> ಬಹುಮಾನ ವ್ಯವಸ್ಥೆ

ಮೊದಲು ಈ ಸಂಸ್ಕೃತದ ಹೊರೆ ಇಳಿಸಿ. 'ನಲಿವಿನ ಏರ್ಪಾಟು' ಅನ್ನಿ. ಮಿದುಳಿನ ರಾಸಾಯನಿಕ ಡೋಪಮೈನ್‌ಗೆ 'ನಲಿವೊಸರು'. ಚಟಕ್ಕೆ 'ಗೀಳು'. ಜೂಜು ಇರಲಿ, ಅದು ನಮ್ಮದೇ. ಇಷ್ಟಕ್ಕೆ ಚರ್ಚೆ ಯಾಕೆ?

---

> ಜೂಜು ಇರಲಿ, ಅದು ನಮ್ಮದೇ

ಅಲ್ಲ, ದ್ಯೂತದ ತದ್ಭವ. ಶಾಲೆಯ ಪಟ್ಟಿಯಲ್ಲೇ ಇದೆ.

'ಗೀಳು' ಬೇಡ. ಪದೇ ಪದೇ ಕೈ ತೊಳೆಯುವಂಥ ಕಾಯಿಲೆಗೆ ಮನೋವೈದ್ಯರು ಆಗಲೇ ಅದನ್ನು ಬಳಸುತ್ತಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಜೂಜನ್ನು ಕುಡಿತ, ಮಾದಕವಸ್ತುಗಳ ಜೊತೆಗೇ ಸೇರಿಸಿತು. ಕುಡಿತಕ್ಕೆ ಚಟ ಅಂದರೆ ಇದಕ್ಕೂ ಚಟವೇ. 'ವ್ಯಸನ' ಅಂದರೆ ಅರ್ಧ ಜನ ದುಃಖ ಅಂದುಕೊಳ್ಳುತ್ತಾರೆ.

'ನಲಿವೊಸರು' ಪದ ಚೆನ್ನಾಗಿದೆ, ವಿಷಯವೇ ತಪ್ಪು. ಡೋಪಮೈನ್ ಸುಖದ ರಸ ಅಂತ ಎಲ್ಲರೂ ಸುಮ್ನೆ ಬರೆಯುತ್ತಾರೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಕಂಡದ್ದೇ ಬೇರೆ: ಎಣಿಸದೆ ಹಣ್ಣಿನ ರಸ ಸಿಕ್ಕಿದಾಗ ಡೋಪಮೈನ್ ನರಕೋಶಗಳು ಚುರುಕಾದವು, ರಸಕ್ಕೆ ಮುಂಚೆ ಕೊಡುವ ಸೂಚನೆ ಅಭ್ಯಾಸವಾದ ಮೇಲೆ ರಸಕ್ಕಲ್ಲ, ಬರೀ ಸೂಚನೆಗೇ ಚುರುಕಾದವು, ಬರಬೇಕಾದ ರಸ ಬಾರದಿದ್ದಾಗ ಮಂಕಾದವು. ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸದ ಲೆಕ್ಕ ಅದು. ಜೂಜಿನಲ್ಲಿ ಮುಂದಿನ ಸುತ್ತು ಏನಾಗುತ್ತದೆ ಅಂತ ಎಂದೂ ಗೊತ್ತಾಗುವುದಿಲ್ಲವಲ್ಲ, ಆ ಲೆಕ್ಕ ಮುಗಿಯುವುದೇ ಇಲ್ಲ. ರಾಬಿನ್ಸನ್ ಮತ್ತು ಬೆರಿಜ್ ಎಂಬ ಸಂಶೋಧಕರು 1993ರಲ್ಲೇ 'ಬೇಕು' ಅನ್ನಿಸುವುದು ಬೇರೆ, 'ಹಿತ' ಅನ್ನಿಸುವುದು ಬೇರೆ ಎಂದರು. ಡೋಪಮೈನ್ ಸೇರುವುದು 'ಬೇಕು' ಕಡೆಗೆ. ಆಟ ಹಿತ ಕೊಡುವುದು ನಿಂತ ಮೇಲೂ ಬಿಡಲಾಗದವರನ್ನು 'ನಲಿವಿನ ಏರ್ಪಾಟು' ಅಂತ ಹೇಗೆ ವಿವರಿಸುತ್ತೀರಿ? ಪಾರ್ಕಿನ್ಸನ್ ಕಾಯಿಲೆಗೆ ಪ್ರಮಿಪೆಕ್ಸೋಲ್ ಕೊಡುತ್ತಾರೆ, ಡೋಪಮೈನ್‌ನಂತೆ ಕೆಲಸ ಮಾಡುವ ಔಷಧಿ. ಎಂದೂ ಜೂಜಾಡದ ಕೆಲವರಿಗೆ ಅದರಿಂದ ಜೂಜು ಹತ್ತಿದ್ದುಂಟು, ಔಷಧಿ ಇಳಿಸಿದಾಗ ಬಿಟ್ಟದ್ದೂ ಉಂಟು.

ಹಾಗಾಗಿ ಕ್ರೇವಿಂಗ್‌ಗೆ 'ತುಡಿತ'. ರಿವಾರ್ಡ್ ಸಿಸ್ಟಮ್‌ಗೆ 'ಪ್ರತಿಫಲ ಜಾಲ'. ನಿಯರ್ ಮಿಸ್‌ಗೆ 'ಕೂದಲೆಳೆಯ ಸೋಲು'. 'ಸೋಲು' ಬಿಡಬೇಡಿ, ಆಡುವವನ ಮಿದುಳು ಅದನ್ನು ಅರ್ಧ ಗೆಲುವಿನಂತೆ ಎಣಿಸುವುದೇ ತೊಂದರೆ.

---

'ಪ್ರತಿಫಲ', 'ಜಾಲ' ಎರಡೂ ಸಂಸ್ಕೃತ. ತದ್ಭವ ಬೇರೆ, ಎರವಲು ಬೇರೆ. ಜೂಜು ನಮ್ಮ ಬಾಯಲ್ಲಿ ಸವೆದು ಬಂದದ್ದು, ಇವು ಪುಸ್ತಕದಿಂದ ಇಳಿಸಿದ್ದು. ಹೀಗೇ ಹೋದರೆ ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ಕನ್ನಡದ್ದು.

---

ಡೋಪಮೈನ್ ಯಾವ ಬಾಯಲ್ಲಿ ಸವೆದು ಬಂತು ಸ್ವಾಮಿ? ಔಷಧಿ ಚೀಟಿಯಲ್ಲಿ ಇರುವುದೇ ಕರಪತ್ರದಲ್ಲೂ ಇರಬೇಕು, ಅಲ್ವಾ?

---

ತುಡಿತ, ಕೂದಲೆಳೆಯ ಸೋಲು, ಚಟ: ಮೂರೂ ತೆಗೆದುಕೊಂಡೆ. 'ಪ್ರತಿಫಲ ಜಾಲ' ಅಂದರೆ ಜನ ಬಲೆ ಅಂದುಕೊಳ್ಳುವ ಸಾಧ್ಯತೆ ಜಾಸ್ತಿ, ಅದಕ್ಕೆ 'ಪ್ರತಿಫಲ ವ್ಯವಸ್ಥೆ' ಮಾಡಿದೆ. ಡೋಪಮೈನ್ ಡೋಪಮೈನೇ. ಎರವಲಿನ ಜಗಳಕ್ಕೆ ದಯವಿಟ್ಟು ಬೇರೆ ಎಳೆ ತೆರೆಯಿರಿ.