ಬಿಡಾರ ಹೂಡಿದರೆ ಮನೆ ಬದಲಿಸಿದ ಹಾಗಾ?

ಎಲ್ಲರಿಗೂ ನಮಸ್ಕಾರ. 'ಕ್ಯಾಂಪಿಂಗ್', 'ಮೇನ್‌ಲ್ಯಾಂಡ್' ಈ ಎರಡು ಪದಗಳಿಗೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಬೇಕಿತ್ತು. ಎರಡೂ ಒಂದೇ ಪ್ರವಾಸದಲ್ಲಿ ಕಾಟ ಕೊಟ್ಟವು.

ಕಳೆದ ಡಿಸೆಂಬರಿನಲ್ಲಿ ನಾವು ಒಂಬತ್ತು ಜನ ಮಲ್ಪೆಗೆ ಹೊರಟಿದ್ದೆವು. ಹಗಲು ಸೇಂಟ್ ಮೇರೀಸ್ ದ್ವೀಪ, ರಾತ್ರಿ ಈಚೆ ದಡದ ಕೋಡಿಬೆಂಗ್ರೆಯ ಮರಳಿನಲ್ಲಿ ಟೆಂಟ್. ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ವಾಟ್ಸಾಪ್ ಗುಂಪಿಗೆ ಹಾಕುವಾಗ 'ಕ್ಯಾಂಪಿಂಗ್' ಬೇಡ ಅಂತ ಹಟ ಹಿಡಿದು, 'ಕೋಡಿಬೆಂಗ್ರೆಯಲ್ಲಿ ಬಿಡಾರ ಹೂಡೋಣ' ಅಂತ ಬರೆದೆ. ನಾನು ಮೈಸೂರಿನವನು. ಗುಂಪಿನಲ್ಲಿದ್ದ ಉಡುಪಿಯ ಗೆಳತಿ ಕೂಡಲೇ ಕೇಳಿದಳು: "ಎಂತ ಮಾರಾಯ, ಮೈಸೂರಿನ ಮನೆ ಖಾಲಿ ಮಾಡ್ತೀಯಾ?"

ಅವರ ಕಡೆ ಬಿಡಾರ ಅಂದರೆ ಬಾಡಿಗೆ ಮನೆ. ಹೊಸದಾಗಿ ಮದುವೆಯಾದವರು ಮಂಗಳೂರಿನಲ್ಲಿ 'ಬಿಡಾರ ಮಾಡುತ್ತಾರೆ'. ಬೀಡು ಅನ್ನೋ ಪದಕ್ಕೂ ಇದೇ ಆಗಿದೆ ನೋಡಿ. ಹಳೆಯ ಶಾಸನಗಳಲ್ಲಿ ರಾಜ 'ನೆಲೆವೀಡಿನೊಳ್', ಅಂದರೆ ತಾನು ತಂಗಿದ ಬೀಡಿನಲ್ಲಿ, ಸುಖವಾಗಿ ಆಳುತ್ತಿರುತ್ತಾನೆ. ತುಳುನಾಡಿಗೆ ಹೋದರೆ ಬೀಡು ಅನ್ನೋದು ಅಲ್ಲಿನ ಸ್ಥಳೀಯ ಅರಸರಾದ ಬಲ್ಲಾಳರ ದೊಡ್ಡ ಮನೆ. ಬಿಟ್ಟು ಹೋಗುವ ತಾಣ ಕರಾವಳಿಯಲ್ಲಿ ಗೋಡೆ ಎಬ್ಬಿಸಿಕೊಂಡು ಕೂತುಬಿಟ್ಟಿದೆ!

ಸರಿ, 'ಡೇರೆ ಹಾಕೋಣ' ಅಂತ ತಿದ್ದಿದೆ. ಅದಕ್ಕೂ ಅವಳು "ಯಾವ ಮೇಳ?" ಅಂದಳು. ಟಿಕೆಟ್ ಇಟ್ಟು ಆಡುವ ಯಕ್ಷಗಾನದ ಡೇರೆ ಮೇಳ ಅವಳ ತಲೆಯಲ್ಲಿತ್ತು. ಗುಡಾರ ಅನ್ನಬಹುದಿತ್ತು, ಆದರೆ ಅದು ಬಟ್ಟೆಯ ಹೆಸರಾಯಿತು, ಕೆಲಸದ್ದಲ್ಲ. ಕೊನೆಗೆ ಟೆಂಟ್ ಗೆದ್ದಿತು. 'ಬೀಡುಬಿಡು' ಇನ್ನೂ ಬಳಕೆಯಲ್ಲಿದೆ, ನಿಜ. ಆದರೆ ಪತ್ರಿಕೆಗಳಲ್ಲಿ ಬೀಡುಬಿಡೋದು ಆನೆ ಹಿಂಡು, ಇಲ್ಲವೇ ಪೊಲೀಸರು. ಎರಡು ರಾತ್ರಿ ಮ್ಯಾಗಿ ಬೇಯಿಸಿಕೊಂಡು ಬಿದ್ದಿರುವವರಿಗೆ ಅದು ಸ್ವಲ್ಪ ಜಾಸ್ತಿ ಆಗಲ್ವಾ?

ಎರಡನೆಯದು 'ಮೇನ್‌ಲ್ಯಾಂಡ್'. ಪುಸ್ತಕದಲ್ಲಿ 'ಮುಖ್ಯಭೂಮಿ' ಅಂತಿರುತ್ತದೆ. ಯಾರಾದರೂ ಬಾಯಲ್ಲಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. ದೋಣಿಯವರು ಹೇಳಿದ್ದು ಇಷ್ಟೇ: "ಹೊತ್ತು ಮುಳುಗುವ ಮೊದಲು ದಡ ಸೇರ್ಬೇಕು ಮಾರಾಯ್ರೆ." ಅದೇ ಸರಿ ಅನ್ನಿಸಿ 'ಟೆಂಟ್ ದಡದಲ್ಲಿ' ಅಂತ ಬರೆದೆ. ಒಬ್ಬ ಅದನ್ನು ದ್ವೀಪದ ದಡ ಅಂದುಕೊಂಡು ಚಾಪೆ, ಚಾದರ, ಐದು ಲೀಟರ್ ನೀರಿನ ಕ್ಯಾನು ಎಲ್ಲ ಹೊತ್ತು ದೋಣಿ ಹತ್ತಿದ್ದ. ಆ ಆರು ಕೋನದ ಕಲ್ಲುಕಂಬಗಳ ನಡುವೆ ದಿನವಿಡೀ ಕ್ಯಾನು ಹೊತ್ತು ತಿರುಗಿದ ಪಾಪ.

ತಪ್ಪು ನನ್ನದೇ. ದ್ವೀಪಕ್ಕೂ ದಡ ಇರುತ್ತದಲ್ಲ.

ಮಲ್ಪೆಯಿಂದ ಆ ದ್ವೀಪ ಸುಮಾರು 6 ಕಿ.ಮೀ. ಅಷ್ಟು ದೂರಕ್ಕೆ ದಡ, 'ಆಚೆ ಕರೆ' (ಆಚೆ ದಂಡೆ) ಏನೋ ಒಂದು ನಡೆಯುತ್ತದೆ. ನದಿಯ ನಡುವಿನ ಕುದ್ರುಗಳಿಗಂತೂ (ಪುಟ್ಟ ನಡುಗಡ್ಡೆಗಳಿಗೆ) 'ಆಚೆ ಬದಿ' ಸಾಕು. ಅಂಡಮಾನಿಗೆ ಏನು ಮಾಡೋದು? ಅಲ್ಲಿಂದ ಚೆನ್ನೈ ಸಾವಿರ ಕಿ.ಮೀ.ಗೂ ಜಾಸ್ತಿ. ಅಲ್ಲಿನ ಜನ ಸುಮ್ನೆ 'ಮೇನ್‌ಲ್ಯಾಂಡ್' ಅನ್ನುತ್ತಾರೆ. ಕನ್ನಡದಲ್ಲಿ ಬರೆಯುವಾಗ 'ಅಂಡಮಾನಿನಿಂದ ದಡಕ್ಕೆ ಬಂದೆ' ಅಂದರೆ ಈಜಿಕೊಂಡು ಬಂದ ಹಾಗಿರುತ್ತದೆ.

ಹೊಸ ಪದ ಕಟ್ಟಿಕೊಡಿ ಅಂತ ಕೇಳುತ್ತಿಲ್ಲ. ಕಾರವಾರ, ಹೊನ್ನಾವರ, ಕುಂದಾಪುರದ ಕಡೆಯವರು ಇದ್ದರೆ ಹೇಳಿ: ಕಾರವಾರದ ಬಳಿಯ ಕುರುಂಗಡ ದ್ವೀಪದ ಜಾತ್ರೆಗೆ ದೋಣಿಯಲ್ಲಿ ಹೋದವರು, ಕುದ್ರುವಿನಲ್ಲೇ ಹುಟ್ಟಿ ಬೆಳೆದವರು, ಈಚೆಯ ದೊಡ್ಡ ನೆಲವನ್ನು ಮನೆಮಾತಿನಲ್ಲಿ ಏನಂತ ಕರೆಯುತ್ತಾರೆ? ಕೊಂಕಣಿ, ತುಳು ಪದವಾದರೂ ನಡೆಯುತ್ತದೆ. ಫೆಬ್ರುವರಿಯಲ್ಲಿ ಮತ್ತೆ ಹೊರಟಿದ್ದೇವೆ. ಕ್ಯಾನಿನವನು ಈ ಸಲ ಮೊದಲೇ ಕೇಳಿದ್ದಾನೆ, ಯಾವ ದಡ ಅಂತ.