ಮೇಲಿನ ಮಹಡಿಯ ಸೆಕೆ: ಎಸಿ ಮೊದಲೋ, ತಾರಸಿ ಮೊದಲೋ?

ಪ್ರಶ್ನೆ:
ನಾಲ್ಕು ಮಹಡಿಯ ಕಟ್ಟಡದಲ್ಲಿ ನಮ್ಮದು ಕೊನೇ ಮಹಡಿ. ಕಟ್ಟಡಕ್ಕೆ 30 ವರ್ಷ. ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಸೀಲಿಂಗ್ ಮುಟ್ಟಿದರೂ ಕೈಗೆ ಬಿಸಿ ತಾಗುತ್ತದೆ. ಅಮ್ಮನಿಗೆ ನಿದ್ದೆಯೇ ಇಲ್ಲ. ಎರಡು ಎಸಿ ಹಾಕಿಸಿ, ತಾರಸಿ ಮೇಲೆ ಸೋಲಾರ್ ಫಲಕ ಕೂರಿಸಿದರೆ ಸರಿಹೋಗುತ್ತದಾ? ಕೆಡವಿ ಹೊಸದು ಕಟ್ಟೋಣ ಎನ್ನುವವರೂ ಇದ್ದಾರೆ.

ಉತ್ತರ 1:
ಎಸಿ ಸ್ವಲ್ಪ ತಡೀರಿ. ನಾನೂ ಕೊನೇ ಮಹಡಿಯವನೇ, ಮೊದಲು ಎಸಿ ತಂದು ಆಮೇಲೆ ಕಲಿತೆ. ಹಗಲೆಲ್ಲ ಬಿಸಿಲು ಕುಡಿದ ಮೋಲ್ಡು, ಅಂದ್ರೆ ಕಾಂಕ್ರೀಟ್ ಛಾವಣಿ, ರಾತ್ರಿ ಆ ಕಾವನ್ನು ಕೋಣೆಯೊಳಗೆ ಬಿಡುತ್ತದೆ. ಎಸಿ ಅದರ ಜೊತೆ ಬೆಳಗಿನವರೆಗೂ ಗುದ್ದಾಡುತ್ತದೆ, ಅಷ್ಟೆ. ತಾರಸಿಯ ಬಿರುಕು ಮುಚ್ಚಿಸಿ, ಬಿಸಿಲು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿಸಿದೆ. ಹೊಸ ಬಿಳಿ ಬಣ್ಣ ಬಿಸಿಲಿನ ಮುಕ್ಕಾಲು ಪಾಲಿಗಿಂತ ಜಾಸ್ತಿ ವಾಪಸ್ ಕಳಿಸುತ್ತದೆ. ಧೂಳು ಕೂತರೆ ಕೆಲಸ ಕಡಿಮೆ, ಹಾಗಾಗಿ ಆಗಾಗ ತೊಳೆಯಬೇಕು.

ಆಮೇಲೆ ಪಡುವಣ ಕಿಟಕಿ. ನೆರಳು ಗಾಜಿನ ಹೊರಗಡೆ ಬೀಳಬೇಕು. ಒಳಗಿನ ಪರದೆಯ ಹೊತ್ತಿಗೆ ಬಿಸಿಲು ಆಗಲೇ ಮನೆಯೊಳಗೆ ಬಂದಾಗಿರುತ್ತದೆ, ಅಲ್ವಾ? ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತಿತ್ತು. ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನದು) 30ರಲ್ಲಿ ತಿರುಗುತ್ತದೆ. ದಿನಕ್ಕೆ 12 ಗಂಟೆ ಅಂದ್ರೆ ಒಂದು ಫ್ಯಾನಿಗೆ ವರ್ಷಕ್ಕೆ ಸುಮಾರು 200 ಯೂನಿಟ್ ಉಳಿತಾಯ. ಎಸಿ ಈಗಲೂ ಇದೆ, ತೀರಾ ಸೆಕೆಯ ದಿನ ಮಾತ್ರ ಹಾಕುತ್ತೇನೆ.

ಸೋಲಾರ್ ಖಂಡಿತ ಹಾಕಿಸಿ, ಅದರ ನೆರಳೂ ತಾರಸಿಗೆ ಒಳ್ಳೆಯದೇ. ಆದರೆ ತಾರಸಿ ರಿಪೇರಿ ಮುಗಿಸಿಕೊಂಡು. ಇಲ್ಲದಿದ್ದರೆ ಸೋರಿದಾಗ ಫಲಕಗಳನ್ನೆಲ್ಲ ಬಿಚ್ಚಬೇಕು.

ಉತ್ತರ 2:
ಕೆಡವುವ ಮಾತು ಬೇಡವೇ ಬೇಡ. ಸುಣ್ಣದ ಕಲ್ಲನ್ನು ಸುಟ್ಟು ಸಿಮೆಂಟ್ ಮಾಡುವಾಗ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಉರುವಲಿನ ಹೊಗೆ ಬೇರೆ. ನಿಮ್ಮ ಕಟ್ಟಡದ ಕಂಬ, ತೊಲೆ ಗಟ್ಟಿ ಇದ್ದರೆ ಆ ಹೊಗೆಯ ಲೆಕ್ಕ 30 ವರ್ಷದ ಹಿಂದೆಯೇ ಮುಗಿದಿದೆ. ಸುಮ್ನೆ ಇನ್ನೊಮ್ಮೆ ಯಾಕೆ? ಆದರೆ ಗಟ್ಟಿ ಇದೆಯೋ ಇಲ್ಲವೋ ಎಂದು ಎಂಜಿನಿಯರ್ ಹತ್ತಿರ ನೋಡಿಸಿ. ಫಲಕಗಳ ಭಾರಕ್ಕೂ ಅದು ಬೇಕು.

ಉತ್ತರ 3:
ಒಂದು ಎಚ್ಚರಿಕೆ. ಚಳಿ ಜಾಸ್ತಿ ಇರುವ ಕಡೆ ಬಿಳಿ ಬಣ್ಣ ಚಳಿಗಾಲದ ಬಿಸಿಲನ್ನೂ ವಾಪಸ್ ಕಳಿಸುತ್ತದೆ. ಅಲ್ಲಿ ಮೋಲ್ಡಿನ ಮೇಲೆ ಕಾವು ತಡೆಯುವ ಪದರ ಹಾಕಿಸುವುದು ಮೇಲು, ಎರಡೂ ಕಾಲಕ್ಕೆ ಆಗುತ್ತದೆ. ಇನ್ನು, ಬಿಸಿಗಾಳಿ ಬರದಂತೆ ಕಿಟಕಿಯ ಸಂದುಗಳನ್ನು ಮುಚ್ಚಿಸುವುದಾದರೆ ಅಡುಗೆಮನೆ, ಬಚ್ಚಲಿಗೆ ಹೊರಗೆ ಗಾಳಿ ತಳ್ಳುವ ಫ್ಯಾನ್ ಇರಲೇಬೇಕು. ನಮ್ಮಲ್ಲಿ ಅದನ್ನು ಮರೆತು, ಒಂದೇ ಮಳೆಗಾಲಕ್ಕೆ ಗೋಡೆಗೆ ಬೂಸ್ಟು ಹಿಡಿಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಮ್ಮಲ್ಲಿ ಚಳಿ ಕಡಿಮೆ, ಬಿಳಿ ಬಣ್ಣವೇ ಸಾಕು ಅನ್ನಿಸುತ್ತಿದೆ. ಭಾನುವಾರದ ಸಭೆಯಲ್ಲಿ ಎಂಜಿನಿಯರ್ ಕರೆಸುವ ಮಾತು ಎತ್ತುತ್ತೇನೆ. ಅಷ್ಟರಲ್ಲಿ ಅಮ್ಮನ ಕೋಣೆಯ ಪಡುವಣ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟುತ್ತೇನೆ.